ನನ್ನನ್ನು ಮತ್ತೆ ರಿಂಗ್‌ಗೆ ಇಳಿಸಿದವರಿಗೆ

ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಮೊದಲ ಬಾರಿಗೆ, ಕಳೆದ ಭಾನುವಾರ ಬೆಂಗಳೂರಿನ ಪ್ರೊ ರೆಸ್ಲಿಂಗ್ ಪ್ರದರ್ಶನವೊಂದರಲ್ಲಿ ನಾನು ಮತ್ತೆ ಸೆಣಸಿದೆ. ಹಾಸನದಿಂದ ಅಷ್ಟು ದೂರ ಬಂದು ಹುರಿದುಂಬಿಸಿದವರನ್ನೂ ಊರಿನಲ್ಲಿದ್ದೇ ಹರಸಿದವರನ್ನೂ ಒಬ್ಬೊಬ್ಬರಾಗಿ ಕಂಡು ವಂದಿಸುವುದು ಸಾಧ್ಯವಾಗದ ಕಾರಣ, ಈ ಬರಹದ ಮೂಲಕ ನನ್ನ ಕೃತಜ್ಞತೆಯನ್ನು ಸಲ್ಲಿಸುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮ ಗರಡಿಯ ಉಸ್ತಾದರಿಗೆ. ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಬೆರೆಸಿ ಮಟ್ಟಿ ಹದ ಮಾಡುವುದರಿಂದ ಹಿಡಿದು ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ ಎಂದು ಗುರುತಿಸುವವರೆಗೆ ನನಗೆ ಎಲ್ಲವನ್ನೂ ಕಲಿಸಿದವರು ಅವರು. ಮೈಸೂರು ದಸರಾ ಕುಸ್ತಿಯಲ್ಲಿ ನನ್ನನ್ನು ನೋಡಬೇಕೆಂಬುದು ಅವರ ಬಯಕೆಯಾಗಿತ್ತು. ನಾನು ಪ್ರೊ ರೆಸ್ಲಿಂಗ್ ಕಡೆಗೆ ಹೊರಟಾಗ, ಸೋಲು ಗೆಲುವು ಮೊದಲೇ ತೀರ್ಮಾನವಾಗಿರುವುದು ಕುಸ್ತಿಯೇ ಅಲ್ಲ ಎಂದು ಗರಡಿಯ ಕೆಲವು ಹಿರಿಯರು ಬೇಸರಪಟ್ಟರು. ಆಗ ಉಸ್ತಾದರು, 1968ರಲ್ಲಿ ಮುಂಬೈಯಲ್ಲಿ ಅಮೆರಿಕದ ಹೆಸರಾಂತ ಪ್ರೊ ರೆಸ್ಲರ್ ಲೂ ಥೆಸ್ ಅವರನ್ನು ಮಣಿಸಿದ ದಾರಾ ಸಿಂಗ್ ಕೂಡ ಅಖಾಡದ ಮಣ್ಣಿನಿಂದಲೇ ರಿಂಗ್‌ಗೆ ಹೋದವರು ಎಂದು ಎಲ್ಲರೆದುರು ಹೇಳಿ, ಆಂಜನೇಯನ ಮುಂದೆ ನಿಲ್ಲಿಸಿ ಹಣೆಗೆ ಕುಂಕುಮವಿಟ್ಟು ಕಳುಹಿಸಿಕೊಟ್ಟರು.

ಹಾಸನದ ಹೊಲಗಳಿಗೆ ಬಿತ್ತನೆ ಆಲೂಗಡ್ಡೆ ಬರುವುದು ಪಂಜಾಬಿನ ಜಲಂಧರ್‌ನಿಂದ ಎಂಬುದು ನಮ್ಮ ಕಡೆಯ ರೈತರಿಗೆಲ್ಲ ತಿಳಿದ ಸಂಗತಿ. ದಿ ಗ್ರೇಟ್ ಖಲಿ ಎಂದು ಹೆಸರಾದ ದಲೀಪ್ ಸಿಂಗ್ ರಾಣಾ ಅವರು 2015ರಲ್ಲಿ ಕುಸ್ತಿ ತರಬೇತಿ ಶಾಲೆಯನ್ನು ತೆರೆದದ್ದೂ ಅದೇ ಊರಿನಲ್ಲಿ. ಎಪಿಎಂಸಿಯಲ್ಲಿ ಅಪ್ಪನಿಗೆ ಪರಿಚಯವಿದ್ದ ವರ್ತಕರೊಬ್ಬರು ತಮಗೆ ಬೀಜ ಕಳುಹಿಸುವವರಿಗೆ ಫೋನ್ ಮಾಡಿ, ಹಿಂದಿಯೂ ಸರಿಯಾಗಿ ಬಾರದ ನನಗೆ ಅಲ್ಲಿ ಒಂದು ಕೋಣೆಯನ್ನು ಗೊತ್ತುಮಾಡಿಸಿದರು. ಆ ಒಂದು ಕರೆಯ ಋಣ ದೊಡ್ಡದು.

ಜಲಂಧರ್‌ನಲ್ಲಿ ಜೊತೆಗೆ ಕಲಿತವರನ್ನು ಹೇಗೆ ನೆನೆಯಲಿ! ಗರಡಿಯಲ್ಲಿ ಬೆಳೆದವನಿಗೆ ಬೆನ್ನು ನೆಲಕ್ಕೆ ತಾಗಿದರೆ ಅಲ್ಲಿಗೆ ಎಲ್ಲವೂ ಮುಗಿಯಿತು; ಚಿತ್ ಆಗದಿರುವುದಕ್ಕಾಗಿಯೇ ನಮ್ಮ ಕುತ್ತಿಗೆಯೂ ಸೊಂಟವೂ ವರ್ಷಾನುಗಟ್ಟಲೆ ಪಳಗಿರುತ್ತವೆ. ಪ್ರೊ ರೆಸ್ಲಿಂಗ್‌ನ ಮೊದಲ ಪಾಠವಾದ ‘ಬಂಪ್’ ಎಂದರೆ, ಗದ್ದವನ್ನು ಎದೆಗೆ ಒತ್ತಿ, ಉಸಿರು ಬಿಟ್ಟು, ಎರಡೂ ತೋಳುಗಳನ್ನು ರಿಂಗಿನ ನೆಲಕ್ಕೆ ಬಡಿಯುತ್ತಾ, ಪೆಟ್ಟು ಒಂದೇ ಕಡೆ ಬೀಳದಂತೆ ಬೆನ್ನಿನ ಮೇಲ್ಭಾಗವನ್ನೆಲ್ಲ ಚಪ್ಪಟೆಯಾಗಿ ಕೊಟ್ಟು ಬೀಳುವುದು. ರಿಂಗಿನ ತೆಳುವಾದ ಫೋಮ್‌ನ ಕೆಳಗಿರುವುದು ಮರದ ಹಲಗೆ ಮತ್ತು ಉಕ್ಕಿನ ತೊಲೆ. ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿದ್ದರೂ ಬೀಳುವ ದೇಹಕ್ಕೆ ತಾಗುವ ಪೆಟ್ಟು ನಿಜವಾದದ್ದೇ. ಆದುದರಿಂದ ಎತ್ತಿ ಒಗೆಯುವವನೇ ಬೀಳುವವನ ಕುತ್ತಿಗೆಯನ್ನು ಕಾಯಬೇಕು. ಎದುರಾಳಿಯ ಜೀವವನ್ನು ತನ್ನದೆಂದು ಜೋಪಾನ ಮಾಡುವ ಈ ಶಿಸ್ತನ್ನು ಅವರು ನನಗೆ ಬೈದು, ತಿದ್ದಿ, ಬಿದ್ದು ತೋರಿಸಿ ಕಲಿಸಿದರು.

ಆ ಶಿಸ್ತೇ ಮುಂದೆ ನನ್ನನ್ನು ಉಳಿಸಿತು. ರಿಂಗಿನ ಮೂಲೆಯ ಕಂಬದ ಮೇಲಿನಿಂದ ಹಾರಿ ಇಳಿದಾಗ ಎಡ ಮೊಣಕಾಲು ತಿರುಚಿ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ರೆಫರಿ ಎಂದಿನಂತೆ ನನ್ನ ಕೈ ಹಿಡಿದರು. ಕ್ಷೇಮವಾಗಿದ್ದೇನೆ ಎಂದು ತಿಳಿಸಲು ತಿರುಗಿ ಅದುಮಬೇಕಾಗಿದ್ದ ನಾನು ಅದುಮಲಿಲ್ಲ. ಅವರು ತಕ್ಷಣ ಎರಡೂ ತೋಳುಗಳನ್ನು ತಲೆಯ ಮೇಲೆ ಅಡ್ಡಲಾಗಿ ಎತ್ತಿ, ಪೆಟ್ಟು ನಿಜವೆಂದು ಒಳಗಿನವರಿಗೆ ಸೂಚಿಸಿದರು. ನನ್ನ ಎದುರಾಳಿಯು ಮುಂದಿನ ಪಟ್ಟುಗಳನ್ನೆಲ್ಲ ಕೈಬಿಟ್ಟು, ತನ್ನ ಭಾರವನ್ನು ನನ್ನ ಕಾಲಿನ ಮೇಲೆ ಕಿಂಚಿತ್ತೂ ಹಾಕದೆ, ಎದೆಯ ಮೇಲೆ ಹಗುರವಾಗಿ ಒರಗಿ ಪಂದ್ಯ ಮುಗಿಸಿದ. ನೋಡುಗರ ಪಾಲಿಗೆ ಅಂದಿನ ಖಳ ಅವನೇ ಆಗಿದ್ದುದರಿಂದ ಅವನಿಗೆ ಸಿಕ್ಕಿದ್ದು ಬರೀ ಕೂಗಾಟ. ಆ ರಾತ್ರಿ ಆಸ್ಪತ್ರೆಯಲ್ಲಿ ಬೆಳಗಿನವರೆಗೆ ನನ್ನ ಪಕ್ಕದಲ್ಲಿ ಕುಳಿತಿದ್ದವನೂ ಅವನೇ ಎಂಬುದನ್ನು ಇಂದು ಎಲ್ಲರೂ ತಿಳಿಯಬೇಕೆಂದು ನನ್ನ ಆಸೆ.

ತೊಡೆಯ ಸ್ನಾಯುರಜ್ಜುವಿನ ತುಂಡನ್ನು ತೆಗೆದು ಹೊಸ ರಜ್ಜುವಾಗಿ ಕೂರಿಸಿದ ವೈದ್ಯರಿಗೆ ನಾನು ಋಣಿ. ಕರಗಿಹೋದ ತೊಡೆಗೆ ಮತ್ತೆ ಬಲ ತುಂಬಿದವರು ಹಾಸನದ ಫಿಸಿಯೊಥೆರಪಿಸ್ಟ್. ಗರಡಿಯಲ್ಲಿ ಬಸ್ಕಿ ಹೊಡೆದವನಿಗೆ ಅವಸರ ಹೆಚ್ಚು. ಅವರು ಅದನ್ನು ತಾಳ್ಮೆಯಿಂದ ತಡೆದರು, ಒಂಬತ್ತು ತಿಂಗಳಿಗೆ ಮುಂಚೆ ರಿಂಗ್ ಹತ್ತಬಾರದೆಂಬ ಮಾತಿನಿಂದ ಅಲುಗಲಿಲ್ಲ. ಆ ಮುಂಗಾರಿನಲ್ಲಿ ಅಣ್ಣನೊಬ್ಬನೇ ಬಿತ್ತನೆಯನ್ನು ಪೂರೈಸಿದ. ಅವ್ವ ಈ ಆಟವನ್ನು ಬಿಡೆಂದು ಒಮ್ಮೆಯೂ ಹೇಳಲಿಲ್ಲ, ಭಾನುವಾರ ಮಾತ್ರ ಮುಂದಿನ ಸಾಲಿನಲ್ಲೇ ಕೂರುತ್ತೇನೆಂದು ಹಟ ಹಿಡಿದಳು.

ಸ್ವತಂತ್ರವಾಗಿ ಆಡುವ ನಮಗೆ ಪ್ರದರ್ಶನಕ್ಕಿಷ್ಟು ಎಂಬ ಸಂಭಾವನೆಯ ಹೊರತು ಒಪ್ಪಂದವಾಗಲಿ ಸಂಬಳವಾಗಲಿ ಇಲ್ಲ. ನನ್ನ ಚಿಕಿತ್ಸೆಗೆ ಹಣ ಕೂಡಿಸಿದವರಲ್ಲಿ ಗರಡಿಯ ಹುಡುಗರೂ ಎಪಿಎಂಸಿಯ ಹಮಾಲರೂ ಇದ್ದಾರೆ, ಕುಸ್ತಿಯನ್ನೇ ನೋಡದ ನೆರೆಹೊರೆಯವರೂ ಇದ್ದಾರೆ. ಖರ್ಚು ಕಳೆದು ಸ್ವಲ್ಪ ಮೊತ್ತ ಉಳಿದಿದೆ. ಪೂರ್ತಿ ಲೆಕ್ಕವನ್ನು ಗರಡಿಯ ಗೋಡೆಗೆ ಅಂಟಿಸಿದ್ದೇನೆ. ಭುಜದ ಶಸ್ತ್ರಚಿಕಿತ್ಸೆಗೆ ಕಾದಿರುವ ನನ್ನ ಸಹ ಆಟಗಾರನೊಬ್ಬನಿಗೆ ಅದನ್ನು ಕೊಡಬೇಕೆಂದಿದ್ದೇನೆ. ಹಣ ಕೊಟ್ಟವರು ದಯವಿಟ್ಟು ಈ ವಾರದೊಳಗೆ ಉಸ್ತಾದರಿಗೆ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.