ಡಿಎನ್‌ಎ ಪಾಠದಲ್ಲಿ ಸ್ವಲ್ಪ ಲೆಕ್ಕವೂ ಇರಲಿ

ಸಂಪಾದಕರೇ,

ಪಿಯುಸಿ ಓದುವ ಮಗಳು ಡಿಎನ್‌ಎ ನಕಲಾಗುವ ಪಾಠವನ್ನು ಉರು ಹೊಡೆಯುತ್ತಿದ್ದಳು. ಇದಕ್ಕೆಲ್ಲ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಸುಮ್ನೆ ಕೇಳಿದೆ. ಅವಳಿಗೂ ಗೊತ್ತಿಲ್ಲ, ನೋಟ್ಸ್‌ನಲ್ಲೂ ಇಲ್ಲ. ಸರಿ, ಇಬ್ಬರೂ ಕೂತು ಲೆಕ್ಕ ಹಾಕಿದೆವು.

ನಮ್ಮ ಅತಿ ಉದ್ದದ ಕ್ರೋಮೋಸೋಮಿನಲ್ಲಿ, ಅಂದರೆ ಡಿಎನ್‌ಎ ಎಳೆಯಲ್ಲಿ, ಏಣಿಯ ಮೆಟ್ಟಿಲುಗಳ ಹಾಗೆ ಸುಮಾರು 25 ಕೋಟಿ ಬೇಸ್ ಜೋಡಿಗಳಿವೆ. ನಕಲು ಸಾಗುವುದು ಸೆಕೆಂಡಿಗೆ 50ರ ಆಸುಪಾಸು. ನಟ್ಟನಡುವಿನ ಒಂದೇ ಜಾಗದಿಂದ ಎರಡೂ ಕಡೆಗೆ ಹೊರಟರೂ 29 ದಿನ ಬೇಕು! ಆದರೆ ಜೀವಕೋಶ ಇದನ್ನು ಮುಗಿಸುವುದು ಸುಮಾರು 8 ಗಂಟೆಯಲ್ಲಿ.

ಹೇಗೆ? ನಾಟಿ ಗದ್ದೆ ನೋಡಿದವರಿಗೆ ಇದು ಹೊಸದಲ್ಲ. ಒಬ್ಬಳೇ ನೆಟ್ಟರೆ ವಾರಗಟ್ಟಲೆ, ಇಪ್ಪತ್ತು ಜನ ಸಾಲಾಗಿ ಇಳಿದರೆ ಸಂಜೆಯೊಳಗೆ ಗದ್ದೆ ಹಸಿರು, ಅಲ್ವಾ? ನಮ್ಮ ಕೋಶದಲ್ಲೂ ಸಾವಿರಾರು ಕಡೆ ನಕಲು ಶುರುವಾಗುತ್ತದೆ, ಎಲ್ಲ ಒಟ್ಟಿಗೇ ಅಲ್ಲ, ಕೆಲವು ಮೊದಲು ಕೆಲವು ಆಮೇಲೆ, ಇನ್ನು ಕೆಲವು ಪಕ್ಕದ ಕೆಲಸ ನಿಂತರೆ ಇರಲಿ ಅಂತ ಕಾದಿಟ್ಟವು. ಒಮ್ಮೆ ಶುರುವಾದ ಜಾಗ ಅದೇ ಸುತ್ತಿನಲ್ಲಿ ಮತ್ತೆ ಶುರುವಾಗದ ಹಾಗೆ ತಡೆಯೂ ಇದೆ.

ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಈ ರಗಳೆ ಇಲ್ಲ. 46 ಲಕ್ಷ ಜೋಡಿ, ಸೆಕೆಂಡಿಗೆ ಸಾವಿರದ ವೇಗ, ಒಂದೇ ಜಾಗದಿಂದ ಎರಡೂ ಕಡೆಗೆ ಹೊರಟು ಸುಮಾರು 40 ನಿಮಿಷದಲ್ಲಿ ಮುಗಿಸುತ್ತದೆ. ಹಣ್ಣಿನ ನೊಣದ ಎಳೆ ಭ್ರೂಣವಂತೂ ಶುರುವಿನ ಜಾಗಗಳನ್ನು ಹತ್ತಿರ ಹತ್ತಿರ ಇಟ್ಟುಕೊಂಡು ಮೂರು-ನಾಲ್ಕು ನಿಮಿಷಕ್ಕೇ ಮುಗಿಸಿಬಿಡುತ್ತದೆ.

ಕಿಣ್ವಗಳ ಹೆಸರು ಬರೆಸುವ ಮೇಷ್ಟ್ರುಗಳು ಈ ಒಂದು ಭಾಗಾಕಾರವನ್ನೂ ಬೋರ್ಡ್ ಮೇಲೆ ಮಾಡಿಸಲಿ. ಐದು ನಿಮಿಷ ಸಾಕು.

— ಒಬ್ಬ ಓದುಗ, ತೀರ್ಥಹಳ್ಳಿ