ಅವಳಿಗೂ ಸಿಟ್ಟು ಬರಲಿ

ಪ್ರೀತಿಯ ತಮ್ಮನಿಗೆ,

ನಿನ್ನ ಕತೆಯನ್ನು ಎರಡು ಸಲ ಓದಿದೆ. ಕಿವಿ ಕೇಳದ ಹುಡುಗಿಯೊಬ್ಬಳು ಪ್ರೇಮಕತೆಯ ನಾಯಕಿಯಾಗಿದ್ದಾಳಲ್ಲ, ಅದು ಖುಷಿಯಾಯಿತು. ಆದರೆ ಇಡೀ ಕತೆಯಲ್ಲಿ ಅವಳು ಯಾರ ಮೇಲೂ ಒಮ್ಮೆಯೂ ರೇಗುವುದಿಲ್ಲ. ನಗುತ್ತಾಳೆ, ಕ್ಷಮಿಸುತ್ತಾಳೆ, ನಾಯಕನನ್ನು ತಿದ್ದುತ್ತಾಳೆ. ಅವಳಿಗೇನು ಬೇಕಿತ್ತು ಅನ್ನುವುದು ಕೊನೆಗೂ ನನಗೆ ತಿಳಿಯಲಿಲ್ಲ.

ಜಪಾನಿನ ಅನಿಮೇಷನ್ ಸಿನಿಮಾ ‘ಕೋಯೆ ನೊ ಕತಾಚಿ’ ನೋಡು. ಹೊರಗಡೆ ‘ಎ ಸೈಲೆಂಟ್ ವಾಯ್ಸ್’ ಅಂತಲೇ ಹೆಸರಾಗಿದೆ. 2016ರಲ್ಲಿ ಕ್ಯೋಟೋ ಅನಿಮೇಷನ್‌ನವರು ಮಾಡಿದ್ದು, ನವೋಕೊ ಯಮಾದಾ ನಿರ್ದೇಶನ. ಮೂಲ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಬರೆದ ಯೊಶಿತೋಕಿ ಒಯಿಮಾ ಅವರ ತಾಯಿ ಸನ್ನೆಭಾಷೆಯ ದುಭಾಷಿ.

ಶಾಲೆಗೆ ಹೊಸದಾಗಿ ಬಂದ, ಕಿವಿ ಕೇಳದ ಶೋಕೊಳನ್ನು ಸಹಪಾಠಿ ಶೋಯಾ ಕಾಡುತ್ತಾನೆ, ಕಿವಿಯ ಮಷೀನು ಕಿತ್ತೆಸೆಯುತ್ತಾನೆ. ವರ್ಷಗಳಾದ ಮೇಲೆ ಸನ್ನೆಭಾಷೆ ಕಲಿತು ಅವಳನ್ನು ಹುಡುಕಿಕೊಂಡು ಹೋಗುತ್ತಾನೆ. ಇಷ್ಟೇ ಹೇಳಿದರೆ ನಿನ್ನ ಕತೆಯ ಹಾಗೇ ಕೇಳಿಸುತ್ತದೆ. ಆದರೆ ಶೋಕೊ ಚಿಕ್ಕವಳಿದ್ದಾಗಲೇ ತಡೆಯಲಾರದೆ ಅವನ ಮೇಲೆ ಬಿದ್ದು ಹೊಡೆದಾಡುತ್ತಾಳೆ. ಮಾತುಮಾತಿಗೆ ಅವಳು ಕೇಳುವ ಕ್ಷಮೆಯನ್ನು ಸಿನಿಮಾ ಹೊಗಳುವುದಿಲ್ಲ. ಎಲ್ಲ ತನ್ನಿಂದಲೇ ಕೆಟ್ಟಿತು ಎಂಬ ಆ ನಂಬಿಕೆ ಅವಳನ್ನು ಸಾವಿನ ಅಂಚಿನವರೆಗೂ ಒಯ್ಯುತ್ತದೆ. ನಿನ್ನ ಹುಡುಗಿಯ ತಾಳ್ಮೆಯ ಅಡಿಯಲ್ಲಿ ಏನಿದೆ ಅಂತ ನೀನು ಕೆದಕಿ ನೋಡಿಲ್ಲ.

ನನಗೆ ಮರೆಯಲಾಗದ ದೃಶ್ಯ ಇನ್ನೊಂದು. ಒಂದು ದಿನ ಶೋಕೊ ಕೂದಲು ಎತ್ತಿ ಕಟ್ಟಿಕೊಂಡು ಬಂದು, ಸನ್ನೆ ಬಿಟ್ಟು, ತನ್ನದೇ ದನಿಯಲ್ಲಿ ‘ಸುಕಿ’ ಅನ್ನುತ್ತಾಳೆ, ನೀನು ನನಗಿಷ್ಟ ಅಂತ. ಅವನಿಗೆ ಅದು ‘ತ್ಸುಕಿ’ ಅಂತ ಕೇಳಿಸುತ್ತದೆ, ಚಂದ್ರ ಅಂತ. ತಲೆಯೆತ್ತಿ ಆಕಾಶ ನೋಡಿ, ಹೌದು ಚೆನ್ನಾಗಿದೆ ಅನ್ನುತ್ತಾನೆ. ಅವಳು ಓಡಿಹೋಗುತ್ತಾಳೆ. ಆ ಗಳಿಗೆಯಲ್ಲಿ ಕೇಳಿಸಿಕೊಳ್ಳಲಾರದೆ ಹೋದವನು ಕಿವಿ ನೆಟ್ಟಗಿದ್ದ ಹುಡುಗ. ಕಿವುಡು ಇಲ್ಲಿ ಮರುಕ ಹುಟ್ಟಿಸಲು ಬಂದದ್ದಲ್ಲ. ಪ್ರೇಮ ಎಡವುವ ಜಾಗವೇ ಅದು.

ಸಂಗೀತ ಮಾಡಿದ ಕೆನ್‌ಸುಕೆ ಉಶಿಯೊ ಪಿಯಾನೋದ ಒಳಗೇ ಮೈಕ್ ಇಟ್ಟು, ಸ್ವರದ ಜೊತೆ ಅದರ ಮರ, ತಂತಿ ಬಡಿಯುವ ಸುತ್ತಿಗೆಗಳ ಸದ್ದನ್ನೂ ಹಿಡಿದರು. ಸದ್ದನ್ನು ಮೈಯಿಂದಲೂ ಅರಿಯುವ ಹುಡುಗಿಯ ಕತೆಗೆ ಅದು ಎಷ್ಟು ಸರಿಯಾಗಿ ಕೂತಿದೆ!

ಕೊರತೆಯೂ ಇದೆ. ಸಿನಿಮಾ ಹೆಚ್ಚು ಹೊತ್ತು ಶೋಯಾನ ಬೆನ್ನಿಗೇ ಇರುತ್ತದೆ. ನಡುವಿನ ವರ್ಷಗಳಲ್ಲಿ ಶೋಕೊ ಹೇಗೆ ಬದುಕಿದಳೆಂದು ನಮಗೆ ಅಷ್ಟಾಗಿ ಕಾಣುವುದಿಲ್ಲ. ಆದರೆ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಅವಳಿಗೆ ದನಿ ಕೊಟ್ಟವರು ಸ್ವತಃ ಕಿವಿ ಕೇಳದ ಲೆಕ್ಸಿ ಕೌಡನ್. ಆ ಆಯ್ಕೆ ನನಗೆ ತುಂಬ ಹಿಡಿಸಿತು.

ಈಗ ನಿನ್ನ ಬಸ್‌ಸ್ಟಾಂಡಿನ ಪ್ರಸಂಗ. ಮಬ್ಬುಗತ್ತಲಲ್ಲಿ, ಅತ್ತ ಮುಖ ಮಾಡಿ ನಾಯಕ ಆಡಿದ್ದನ್ನೆಲ್ಲ ಅವಳು ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಅದು ಆಗದು. ಕನ್ನಡಿಯ ಮುಂದೆ ನಿಂತು ದನಿಯಿಲ್ಲದೆ ‘ಮಾವ’ ಅನ್ನು, ‘ಭಾವ’ ಅನ್ನು. ತುಟಿಯಲ್ಲಿ ಎರಡೂ ಒಂದೇ. ನಿನ್ನ ಹುಡುಗಿ ಬೆಳಗಿನಿಂದ ರಾತ್ರಿಯವರೆಗೆ ಇಂಥ ಎಷ್ಟು ಊಹೆಗಳನ್ನು ಮಾಡಿ ದಣಿಯುತ್ತಾಳೆ, ಯೋಚಿಸು. ಆ ದಣಿವಿನಲ್ಲಿ ಅವಳು ಅವನ ಮೇಲೆ ರೇಗಲಿ, ತಪ್ಪು ತಿಳಿಯಲಿ, ಬೇಕಿದ್ದರೆ ಬಸ್ಸು ಹತ್ತಿ ಹೊರಟೇಬಿಡಲಿ.

ಆ ಭಾಗ ಮತ್ತೆ ಬರೆ. ಕಿವಿ ಕೇಳದ ಓದುಗರೊಬ್ಬರಿಗೆ ಮೊದಲು ತೋರಿಸು, ಆಮೇಲೆ ನನಗೆ ಕಳಿಸು.

ನಿನ್ನ ಅಕ್ಕ