ತೊಂಡೆಕಾಯಿಗೆ, 2200ನೇ ಇಸವಿಗೆ ಹೊರಡುವ ಮುಂಚೆ

ಮಾರಾಯಾ,

ದುಬೈಗೆ ಹೋದ ಮೇಲೆ ನಿನ್ನಿಂದ ಬಂದ ಅತಿ ಉದ್ದದ ಮೆಸೇಜು ಇದೇ: 'ಸ್ಟೆಲ್ಲಾರಿಸ್ ಸೇಲಲ್ಲಿ ಸಿಕ್ಕಿತು. ತಲೆಬುಡ ಗೊತ್ತಾಗ್ಲಿಲ್ಲ. ಎಂತ ಮಾಡುದು?' ಅಂತರಿಕ್ಷದಲ್ಲಿ ಸಾಮ್ರಾಜ್ಯ ಕಟ್ಟುವ ಈ ಕಂಪ್ಯೂಟರ್ ಆಟವನ್ನು ಫೋನಲ್ಲಿ ಹೇಳಿಕೊಟ್ಟರೆ ನೀನು ನಡುವೆ ಊಟಕ್ಕೆ ಎದ್ದು ಹೋಗ್ತಿ. ಅದಕ್ಕೇ ಇಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ಗಡ್‌ಬಡ್ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮೊದಲು ಸ್ಪೇಸ್‌ಬಾರ್. ಆಟ 2200ರ ಜನವರಿ 1ರಲ್ಲಿ ನಿಂತೇ ಇರುತ್ತದೆ, ನೀನು ಒತ್ತುವವರೆಗೆ ಒಂದು ದಿನವೂ ಮುಂದೆ ಹೋಗುವುದಿಲ್ಲ. ನಿಲ್ಲಿಸಿ ಓದು, ನಿಲ್ಲಿಸಿ ಯೋಚಿಸು. ನಂತೂರು ಸರ್ಕಲ್ಲಿನ ಹಾಗೆ ಹಿಂದಿನಿಂದ ಯಾರೂ ಹಾರ್ನ್ ಹಾಕುವುದಿಲ್ಲ. ಕೈಯಲ್ಲಿ ಒಂದು ಸೈನ್ಸ್ ಶಿಪ್, ಒಂದು ಕನ್‌ಸ್ಟ್ರಕ್ಷನ್ ಶಿಪ್, ಕಾರ್ವೆಟ್ ಅನ್ನುವ ಮೂರು ಪುಟಾಣಿ ಯುದ್ಧನೌಕೆ ಇರುತ್ತವೆ. ನೀನಂತೂ ಮೊದಲು ಯುದ್ಧನೌಕೆಗೇ ಕೈ ಹಾಕುತ್ತಿ. ಬೇಡ. ಎರಡನೇ ಸೈನ್ಸ್ ಶಿಪ್ ಕಟ್ಟು. ಹೊಸ ನಕ್ಷತ್ರಗಳ ಸರ್ವೆ ಮಾಡುವುದು ಅದೇ. ಸರ್ವೆ ಆಗದ ಜಾಗದಲ್ಲಿ ಔಟ್‌ಪೋಸ್ಟ್, ಅಂದರೆ ಜಾಗ ನಿನ್ನದು ಅಂತ ತೋರಿಸುವ ಠಾಣೆ, ಹಾಕಲು ಆಟ ಬಿಡುವುದಿಲ್ಲ.

ಔಟ್‌ಪೋಸ್ಟನ್ನೂ ಸಿಕ್ಕಸಿಕ್ಕಲ್ಲಿ ಹಾಕಬೇಡ. 2018ರ 2.0 ಅಪ್‌ಡೇಟ್ ಆದಮೇಲೆ ಶುರುವಿಗೆ ಎಲ್ಲರೂ ಹೈಪರ್‌ಲೇನ್, ಅಂದರೆ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ದಾರಿ, ಹಿಡಿದೇ ಓಡಾಡಬೇಕು. ಹಾಗಾಗಿ ನಕ್ಷೆಯಲ್ಲಿ ಶಿರಾಡಿ ಘಾಟಿ ಯಾವುದು ಅಂತ ಹುಡುಕು. ಮಳೆಗೆ ಶಿರಾಡಿ ಕುಸಿದರೆ ಬೆಂಗಳೂರು ಬಸ್ಸುಗಳ ಪಾಡು ಗೊತ್ತುಂಟಲ್ಲ? ಆ ಒಂದು ನಕ್ಷತ್ರ ನಿನ್ನದಾದರೆ ಅದರ ಹಿಂದಿನ ಹತ್ತನ್ನು ನಿಧಾನಕ್ಕೆ ತಗೊಂಡರಾಯಿತು. ಆದರೆ ದೂರಕ್ಕೆ ಜಿಗಿದಷ್ಟೂ ಇನ್‌ಫ್ಲುಯೆನ್ಸ್ ಅನ್ನುವ ಪಾಯಿಂಟು ಜಾಸ್ತಿ ಬೇಕು. ಅದು ಬರುವುದೇ ತಿಂಗಳಿಗೆ ಚೂರು.

ಫಾಲನ್ ಎಂಪೈರ್, ಅಂದರೆ ಆಟದ ಶುರುವಿಗೇ ಇರುವ ಹಳೇ ಬಲಾಢ್ಯ ಸಾಮ್ರಾಜ್ಯ, ತರವಾಡು ಮನೆಯ ಚಾವಡಿಯಲ್ಲಿ ಕೂತ ಅಜ್ಜ. ತೂಕಡಿಸುವ ಹಾಗೆ ಕಾಣುತ್ತದೆ. ಗಡಿ ಪಕ್ಕ ಮನೆ ಕಟ್ಟಿದರೆ ಕೆಲವರಿಗೆ ಆಗುವುದಿಲ್ಲ, ಎದ್ದರೆ ನಿನ್ನ ಕತೆ ಮುಗಿಯಿತು.

ಮಿನರಲ್ ಕೂಡಿಡಬೇಡ, ಗೋಡೌನ್ ತುಂಬಿದ ಮೇಲೆ ಬಂದದ್ದೆಲ್ಲ ಹಾಳು. ಅದರಿಂದ ಹಡಗು ಕಟ್ಟುವ ಲೋಹ, ಅಲಾಯ್, ಮಾಡಿಕೊ. ಇನ್‌ಫ್ಲುಯೆನ್ಸೂ ಹಾಗೇ, 1000ಕ್ಕೆ ನಿಂತುಬಿಡುತ್ತದೆ.

ಈ ಅಂಕಿ ಸರಿಯಾ ನೋಡುವ ಅಂತ ಹಳೇ ಸೇವ್ ತೆರೆದೆ. ನನ್ನದು 1000. ಅದರ ಹಿಂದಿನದರಲ್ಲೂ 1000. ಆಡಿದ ಎಲ್ಲ ಆಟದಲ್ಲೂ 2260 ದಾಟುವಷ್ಟರಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಪಕ್ಕದವರು ಮೈಗ್ರೇಶನ್ ಟ್ರೀಟಿ, ಅಂದರೆ ಜನ ಅತ್ತಿತ್ತ ವಲಸೆ ಹೋಗಲು ಒಪ್ಪಂದ, ಕಳಿಸಿದರೆ ಓದದೆಯೇ ಬೇಡ ಅಂದಿದ್ದೇನೆ. ಒಬ್ಬ ವಿಜ್ಞಾನಿಗೆ ತೊಂಡೆಕಾಯಿ ಅಂತ ಹೆಸರಿಟ್ಟಿದ್ದೆ. ಪಕ್ಕದವರು ಗಡಿ ಮುಚ್ಚಿದಾಗ ಅವನ ಹಡಗು 'ಮಿಸ್ಸಿಂಗ್ ಇನ್ ಆಕ್ಷನ್' ಆಯಿತು. ಹಾಗೆ ಕಾಣೆಯಾದ ಹಡಗು ಸ್ವಲ್ಪ ಸಮಯ ಕಳೆದು ತಾನಾಗಿಯೇ ಊರಿಗೆ ಬರುತ್ತದೆ. ಆಟ ಅಲ್ವಾ.

ನೀನು ಹೋದ ದಿನ ಕಾವೂರಲ್ಲಿ ಸ್ಕೂಟರ್ ಪಂಕ್ಚರ್ ಅಂದೆನಲ್ಲ, ಆಗಿರಲಿಲ್ಲ. ಸ್ಕೂಟರ್ ಅಂಗಳದಲ್ಲೇ ಇತ್ತು. ನಾನು ಹೆಲ್ಮೆಟ್ ಹಾಕಿಕೊಂಡು ಸಿಟೌಟಲ್ಲಿ ಕೂತಿದ್ದೆ, ವಿಮಾನದ ಶಬ್ದ ಬರುವವರೆಗೆ. ನಾನೂ ದುಬೈಗೆ ಹೋಗಲು ಅಮ್ಮ ಬಿಡಲಿಲ್ಲ ಅಂತ ಊರಿಡೀ ಹೇಳಿದ್ದೂ ಸುಳ್ಳು. ಅವಳು ಮಿಡಿ ಉಪ್ಪಿನಕಾಯಿ ಬಾಟಲಿಗೆ ಪ್ಲಾಸ್ಟಿಕ್ ಸುತ್ತಿ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಇಟ್ಟಾಗಿತ್ತು. ಇಂಟರ್‌ವ್ಯೂ ಕಾಲ್ ಎತ್ತದಿದ್ದದ್ದು ನಾನು. ಆ ಉಪ್ಪಿನಕಾಯಿಯನ್ನು ಗಂಜಿಗೆ ನಂಚಿಕೊಂಡು ಮುಗಿಸಿದವನೂ ನಾನೇ.

ಸಾಕು. ಅಮ್ಮ ಇದನ್ನು ಓದುವುದಿಲ್ಲ, ಅವಳ ಭಜನೆ ಗ್ರೂಪಿನವರು ಓದಿ ಹೇಳುತ್ತಾರೆ. ಐರನ್‌ಮ್ಯಾನ್ ಟಿಕ್ ತೆಗೆದೇ ಆಡು, ಇಲ್ಲದಿದ್ದರೆ ತಪ್ಪಿದಲ್ಲಿಂದ ಹಿಂದಕ್ಕೆ ಹೋಗಲಾಗುವುದಿಲ್ಲ. ಎಲ್ಲಕ್ಕಿಂತ ಕಷ್ಟದ ಗ್ರ್ಯಾಂಡ್ ಅಡ್ಮಿರಲ್ ಲೆವೆಲ್ ಕಡೆ ತಿರುಗಿಯೂ ನೋಡಬೇಡ, ನಿನ್ನ ಕೇರಂ ನೋಡಿದವನು ನಾನು.

ಶನಿವಾರ ಮಲ್ಟಿಪ್ಲೇಯರ್ ಆಡುವ. ನಮ್ಮಲ್ಲಿ ರಾತ್ರಿ ಹತ್ತು, ನಿಮ್ಮಲ್ಲಿ ಎಂಟೂವರೆ. ಮಳೆಗೆ ಇಲ್ಲಿ ಕರೆಂಟು ಹೋದರೆ ಸ್ಪೇಸ್‌ಬಾರ್ ಒತ್ತಿ ಕೂತಿರು, ಯುದ್ಧ ಸಾರಬೇಡ. ಟ್ರೀಟಿ ಕಳಿಸಿದರೆ ಈ ಸಲ ಓದುತ್ತೇನೆ. ಶಿರಾಡಿ ಮಾತ್ರ ನನ್ನದು.

ನಿನ್ನ,
ಪಂಪ್‌ವೆಲ್